ತಾಂಬೂಲಕ್ಕೊಂದು ಲೆಟ್ಯೂಸ್

ಗೌರಿ ಹಬ್ಬದ ಹಿಂದಿನ ದಿನ ಬೀರುವಿನ ಮೇಲಿನ ಖಾನೆಗೆ ಕೈ ಹಾಕಿದೆ. ಗಿಳಿಹಸಿರು ಬಣ್ಣದ ಬ್ಲೌಸ್ ಪೀಸೊಂದು ಜಾರಿ ಸೀದಾ ನನ್ನ ತಲೆಯ ಮೇಲೆ ಬಿತ್ತು. ಎತ್ತಿಕೊಂಡು ಮಡಿಕೆ ಬಿಚ್ಚಿದರೆ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಸುಟ್ಟ ಕಂದು ಗುರುತು ಹಾಗೇ ಇತ್ತು. ಹಳೆಯ ಶತ್ರುವನ್ನು ತರಕಾರಿ ಅಂಗಡಿಯಲ್ಲಿ ಕಂಡರೆ ಆಗುವಂಥ ಸಂತೋಷ ನನಗಾಯಿತು.

ಬ್ಲೌಸ್ ಪೀಸು ಎಂದರೆ ಬಟ್ಟೆ ಎಂದು ತಿಳಿದವರು ಜಯನಗರಕ್ಕೆ ಹೊಸಬರು. ಬಟ್ಟೆಯಾದರೆ ಯಾರಾದರೂ ಅದನ್ನು ಹೊಲಿಸಿಕೊಂಡು ತೊಡಬೇಕಲ್ಲ? ತಾಂಬೂಲದಲ್ಲಿ ಬಂದ ಬ್ಲೌಸ್ ಪೀಸನ್ನು ಹೊಲಿಸಿಕೊಂಡ ಹೆಂಗಸನ್ನು ನಾನಂತೂ ಕಂಡಿಲ್ಲ. ಅದು ವರಮಹಾಲಕ್ಷ್ಮಿಗೆ ಒಂದು ಮನೆಯಿಂದ ಹೊರಟು, ಗೌರಿಗೆ ಇನ್ನೊಂದು ಮನೆ ಸೇರಿ, ನವರಾತ್ರಿಯ ಗೊಂಬೆ ನೋಡಿಕೊಂಡು, ಯಾರದೋ ಸೀಮಂತ, ಯಾರದೋ ಗೃಹಪ್ರವೇಶ ಎಲ್ಲ ಮುಗಿಸಿ ಮತ್ತೆ ಹೊರಟ ಮನೆಗೇ ಬರುತ್ತದೆ. ನಮ್ಮ ಬಡಾವಣೆಯ ರಸ್ತೆಗಳಲ್ಲಿ ಗುಂಡಿಗೆ ಬೀಳದೆ ಓಡಾಡುವ ವಸ್ತು ಇದೊಂದೇ.

ಈ ಗಿಳಿಹಸಿರನ್ನೂ ನಾನು ಕೊಂಡದ್ದಲ್ಲ, ಎಲ್ಲಿಂದಲೋ ಬಂದದ್ದು. ಹಳೆಯ ಮಡಿಕೆಯ ಗೆರೆ ಕಾಣಬಾರದೆಂದು ಇಸ್ತ್ರಿ ಮಾಡಲು ಹೋಗಿ ಮೂಲೆ ಸುಟ್ಟೆ. ಸುಟ್ಟ ಮೂಲೆಯನ್ನು ಒಳಕ್ಕೆ ಮಡಿಸಿ ಹೋದ ವರ್ಷದ ವರಮಹಾಲಕ್ಷ್ಮಿಗೆ ವಿಮಲತ್ತಿಗೆಗೆ ಕೊಟ್ಟೆ. ವಿಮಲತ್ತಿಗೆ ನಮ್ಮ ಯಜಮಾನರ ಅಕ್ಕ, ತ್ಯಾಗರಾಜನಗರದಲ್ಲಿದ್ದಾರೆ. ನನ್ನ ಮದುವೆಯ ದಿನ ಧಾರೆ ಮಂಟಪದಲ್ಲೇ "ಹುಡುಗಿ ಮೂಗು ಫೋಟೋದಲ್ಲಿ ಇಷ್ಟಿರಲಿಲ್ಲ" ಎಂದವರು. ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಬಹಳ ಅನ್ಯೋನ್ಯವಾಗಿದ್ದೇವೆ.

ಅದೇ ವರ್ಷದ ನವರಾತ್ರಿಗೆ ಅವರ ಮನೆಗೆ ಗೊಂಬೆ ನೋಡಲು ಹೋದೆ. ಹಾಲಿನ ತುಂಬ ಹೆಂಗಸರು. ಅತ್ತಿಗೆ ತಾಂಬೂಲ ಕೊಟ್ಟರು. ವೀಳ್ಯದೆಲೆಯ ಕೆಳಗಿಂದ ಗಿಳಿಹಸಿರು ಇಣುಕಿತು. ಅಲ್ಲೇ ಮೂಲೆ ಬಿಚ್ಚಿ ನೋಡಿದೆ. ಸುಟ್ಟ ಗುರುತು!

ಸುಮ್ಮನಿರಬೇಕಿತ್ತು, ಇರಲಿಲ್ಲ. "ಅತ್ತಿಗೆ, ಮುಂದಿನ ವರ್ಷ ನನ್ನ ತಾಂಬೂಲದಲ್ಲಿ ತಿರುಗಿ ಬರದಂಥದ್ದು ಕೊಡ್ತೀನಿ, ನೋಡ್ತಿರಿ" ಎಂದೆ.

ಅವರು ಕುಂಕುಮದ ಬಟ್ಟಲು ಹಿಡಿದುಕೊಂಡೇ ತಿರುಗಿದರು. "ಕೊಡು ಸುಮಿತ್ರಾ, ನೋಡೋಣ. ನಿಮ್ಮನೇಗೆ ಹೋಗಿ ತಿರುಗಿ ಬರದೇ ಇರೋದು ಅಂದ್ರೆ ಇಲ್ಲೀವರ್ಗೂ ನನ್ನ ಸ್ಟೀಲ್ ಡಬ್ಬಗಳೇ."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ಆಟೋದಲ್ಲಿ ಕೂತಾಗ ಕಿವಿಯವರೆಗೆ ಬಿಸಿಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಜನರ ಮುಂದೆ ಆಡಿದ ಮಾತನ್ನು ಉಳಿಸಿಕೊಳ್ಳಲೇಬೇಕಿತ್ತು, ಅದೂ ಅತ್ತಿಗೆಯ ಎದುರಿಗೆ.

ನಮ್ಮಮ್ಮನ ಕಾಲದಲ್ಲೂ ಬ್ಲೌಸ್ ಪೀಸುಗಳು, ಆಗಿನ ಮಾತಿನಲ್ಲಿ ರವಿಕೆ ಕಣಗಳು, ತಿರುಗುತ್ತಿದ್ದವು, ಸುಳ್ಳು ಯಾಕೆ ಹೇಳಲಿ. ಬನಶಂಕರಿಯ ನಮ್ಮ ಮನೆಯಲ್ಲಿ ಅಮ್ಮನದೊಂದು ತಗಡಿನ ಟ್ರಂಕಿತ್ತು. ಅದರೊಳಗೆ ಬೇವಿನೆಲೆ ಹಾಕಿ ರವಿಕೆ ಕಣಗಳನ್ನು ಜೋಡಿಸಿಡುತ್ತಿದ್ದಳು. ಮೆತ್ತಗಿನವು ಬೇಕಾದವರಿಗೆ, ಗಂಜಿ ಹಾಕಿದಂತೆ ಸೆಟೆದುಕೊಂಡವು ಬೇಡವಾದವರಿಗೆ. ಯಾರು ಬಂದರೆ ಯಾವುದು ಎನ್ನುವುದು ಅವಳ ಬೆರಳಿಗೇ ಗೊತ್ತಿತ್ತು. ಮನೆಮನೆಗೆ ಹೋಗಿ "ನಮ್ಮಮ್ಮ ಅರಿಶಿನ ಕುಂಕುಮಕ್ಕೆ ಬರಬೇಕಂತೆ" ಎಂದು ಒದರಿ ಬರುವುದು ನನ್ನ ಕೆಲಸ. ಕೂಲಿ ಎಂದರೆ ಮುತ್ತುಗದ ದೊನ್ನೆಯಲ್ಲಿ ಕಡಲೆಕಾಳು ಉಸಲಿ. ತೆಂಗಿನಕಾಯಿ ತುರಿಯ ಜೊತೆ ದೊನ್ನೆಯ ಒಣಗಿದ ಎಲೆಯ ವಾಸನೆಯೂ ಸೇರಿಕೊಂಡ ಆ ಉಸಲಿಯ ರುಚಿ ಈಗ ಬೆಳ್ಳಿ ಬಟ್ಟಲಲ್ಲಿ ತಿಂದರೂ ಬರುವುದಿಲ್ಲ. ಬೆಳ್ಳಿ ಬಟ್ಟಲಲ್ಲಿ ನನಗೆ ಯಾರೂ ಕೊಟ್ಟಿಲ್ಲ, ಅದು ಬೇರೆ ಮಾತು.

ಆ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ದೊಡ್ಡಪತ್ರೆ, ಬಸಳೆ, ಚಕ್ರಮುನಿ ತಮ್ಮ ಪಾಡಿಗೆ ತಾವು ಬೆಳೆದುಕೊಂಡಿದ್ದವು. ಅವುಗಳ ಆರೋಗ್ಯವನ್ನು ಯಾರೂ ವಿಚಾರಿಸುತ್ತಿರಲಿಲ್ಲ. ವಿಚಾರಿಸದೇ ಇದ್ದದ್ದರಿಂದಲೇ ಅವು ಆರೋಗ್ಯವಾಗಿದ್ದವು ಎಂದು ಈಗ ಅನ್ನಿಸುತ್ತದೆ. ಸೊಪ್ಪನ್ನು ಹಸಿಯಾಗಿ ತಿನ್ನುವ ಮಾತು ಬಂದರೆ ಅಪ್ಪ ಪೇಪರಿನಿಂದ ತಲೆ ಎತ್ತುತ್ತಿದ್ದರು. "ಹಸೀ ಸೊಪ್ಪು ತಿನ್ನೋದು ಮೇಕೆ. ಮನುಷ್ಯ ಅದಕ್ಕೆ ಒಗ್ಗರಣೆ ಹಾಕ್ತಾನೆ. ಇಬ್ರಿಗೂ ಇರೋ ವ್ಯತ್ಯಾಸ ಅಷ್ಟೇ." ಅಂಥವರ ಮಗಳು ನಾನು, ತಾಂಬೂಲದಲ್ಲಿ ಲೆಟ್ಯೂಸ್ ಕೊಡಲು ಹೊರಟೆ.

ಯಾಕೆ ಲೆಟ್ಯೂಸ್ ಎಂದು ಕೇಳುತ್ತೀರಿ. ಪಾಲಕ್, ಮೆಂತ್ಯ ಕೊಟ್ಟರೆ "ಸೊಪ್ಪಿನವಳಾದ್ಲು" ಎನ್ನುತ್ತಾರೆ. ಲೆಟ್ಯೂಸಿಗೆ ಒಂದು ಗತ್ತಿದೆ. ಬಿಟಿಎಂ ಲೇಔಟಿನಲ್ಲಿ ಪಿ.ಜಿ. ರೂಮುಗಳಲ್ಲಿರುವ ಹುಡುಗರು ಪ್ಲಾಸ್ಟಿಕ್ ಬಟ್ಟಲಲ್ಲಿ ಅದನ್ನು ಕೊಂಡು, ಊಟಕ್ಕಿಂತ ಹೆಚ್ಚು ಹಣ ಕೊಟ್ಟು, ಹಸಿವು ಇಟ್ಟುಕೊಂಡೇ ಎದ್ದು ಹೋಗುತ್ತಾರೆ. ಮುಖ್ಯವಾಗಿ, ಲೆಟ್ಯೂಸನ್ನು ಬೀರುವಿನಲ್ಲಿ ಇಡಲಾಗುವುದಿಲ್ಲ. ನವರಾತ್ರಿಯವರೆಗೆ ಕಾಯಲು ಅದಕ್ಕೆ ತಾಳ್ಮೆಯಿಲ್ಲ. ತಿನ್ನಬೇಕು, ಇಲ್ಲ ಬಿಸಾಡಬೇಕು. ತಿರುಗಿ ಬರುವ ಮಾತೇ ಇಲ್ಲ. ಇಷ್ಟು ಬುದ್ಧಿ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ.

ತಾರಸಿಯ ಮೇಲೆ ಗ್ರೋ ಬ್ಯಾಗುಗಳು ಬಂದವು, ತೆಂಗಿನನಾರಿನ ಪುಡಿ ಬಂತು, ಬೇವಿನ ಹಿಂಡಿ ಬಂತು. ಬೀಜ ಚೆಲ್ಲಿದೆ. ಎಲ್ಲವೂ ಹುಟ್ಟಿದವು. ತಾರಸಿ ತೋಟದ ಪುಸ್ತಕವೊಂದರಲ್ಲಿ ನಡುನಡುವೆ ಸಸಿ ಕಿತ್ತು ಜಾಗ ಬಿಡಬೇಕು ಎಂದು ಬರೆದಿತ್ತು. ಹುಟ್ಟಿದ್ದನ್ನು ಕೀಳಲು ಕೈ ಬರಲಿಲ್ಲ. ಎಲ್ಲವೂ ಒಂದರ ಹೆಗಲ ಮೇಲೆ ಇನ್ನೊಂದು ತಲೆ ಇಟ್ಟುಕೊಂಡು, ಆಫೀಸು ಬಿಡುವ ಹೊತ್ತಿನ ಸಿಟಿ ಬಸ್ಸಿನ ಹಾಗೆ ಬೆಳೆದವು. ಎಂಥ ಹಸಿರು, ಎಂಥ ನೆರಿಗೆ! ನೋಡಿದವರೆಲ್ಲ "ಸಖತ್ತಾಗಿದೆ ಆಂಟಿ" ಎಂದರು.

ನೀರು ಹಾಕುವ ಪದ್ಧತಿ ನನ್ನದೇ. ಸ್ನಾನ ಮಾಡಿ ತಾರಸಿಗೆ ಹೋಗಿ ತುಳಸಿಗೆ ಚೊಂಬಿನಲ್ಲಿ ಮೇಲಿಂದ ನೀರು ಬಿಡುತ್ತೇನೆ. ತುಳಸಿಗೆ ಮಾತ್ರ ಹಾಕಿ ಪಕ್ಕದವರನ್ನು ಬಿಟ್ಟರೆ ಪಂಕ್ತಿಭೇದವಾಗುತ್ತದೆಂದು ಲೆಟ್ಯೂಸಿನ ನೆತ್ತಿಗೂ ಅದೇ ಚೊಂಬು. ಸಂಜೆ ಅಕ್ಕಿ ತೊಳೆದ ನೀರು, ಅದೂ ನೆತ್ತಿಗೇ. ದೇವರಿಗೆ ಅಭಿಷೇಕ ಮಾಡುವವರು ಯಾರಾದರೂ ಪಾದಕ್ಕೆ ಮಾತ್ರ ನೀರು ಬಿಡುತ್ತಾರೆಯೆ? ಆಮೇಲೆ ಕೂತು ಒಂದೊಂದರ ಎಲೆಯನ್ನೂ ಸವರಿ, ಸುಳಿ ಬಿಡಿಸಿ ನೋಡಿ, ತಲೆ ನೇವರಿಸಿ ಕೆಳಗಿಳಿಯುತ್ತಿದ್ದೆ. ನನ್ನ ಮಕ್ಕಳಿಗೂ ಇಷ್ಟು ಮಾಡಿರಲಿಲ್ಲ, ಅದಕ್ಕೇ ಮಕ್ಕಳು ಚೆನ್ನಾಗಿ ಬೆಳೆದರೋ ಏನೋ.

ಶ್ರಾವಣ ಬಂತು, ಜಿಟಿಜಿಟಿ ಮಳೆ ಹಿಡಿಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ವಾರವಿದೆ ಎನ್ನುವಾಗ ನಮ್ಮ ಯಜಮಾನರು ತಾರಸಿಯಿಂದ ಮೂಗು ಮುಚ್ಚಿಕೊಂಡು ಇಳಿದರು.

"ಸುಮಿ, ಮೇಲೆ ಇಲಿ ಸತ್ತಿದೆ."

ಇಬ್ಬರೂ ಟಾರ್ಚು ಹಿಡಿದು ನೀರಿನ ಟ್ಯಾಂಕಿನ ಕೆಳಗೆ ಬಗ್ಗಿದೆವು. ಹಳೆಯ ಕುರ್ಚಿ ಸರಿಸಿದೆವು. ಸೋಲಾರಿನ ಹಿಂದೆ ಇಣುಕಿದೆವು. ಇಲಿ ಇರಲಿಲ್ಲ. ವಾಸನೆ ಹಿಡಿದುಕೊಂಡು ಹೋಗಿ ಕೊನೆಗೆ ನಿಂತದ್ದು ನನ್ನ ಲೆಟ್ಯೂಸಿನ ಮುಂದೆ. ಹೊರಗಿನ ಎಲೆಗಳು ಮದುಮಗಳ ಹಾಗೆ ನಿಂತಿದ್ದವು. ಸುಳಿ ಬಿಡಿಸಿದರೆ ಒಳಗೆಲ್ಲ ಕಂದು ಲೋಳೆ. ದಂಟು ನೀರಾಗಿ ಬೆರಳಿಗೆ ಅಂಟಿತು. ಮೇಲೆ ಥಳಕು, ಒಳಗೆ ಹುಳುಕು ಎನ್ನುವ ಗಾದೆ ಮಾಡಿದವನೂ ಇಷ್ಟನ್ನು ಕಂಡಿರಲಾರ. ನನಗೆ ನಿಜವಾಗಿ ಅಳು ಬಂತು. ಅಷ್ಟು ದಿನ ನೇವರಿಸಿದ ತಲೆ ಅದು.

"ಇಲಿಯಾಗಿದ್ರೆ ಎಷ್ಟೋ ವಾಸಿ ಇತ್ತು" ಎಂದರು ಯಜಮಾನರು. ಅವರು ಹಸಿರು ಬಣ್ಣದ್ದು ಯಾವುದನ್ನೂ ಇಷ್ಟಪಟ್ಟು ತಿಂದವರಲ್ಲ. ಅವರ ದನಿಯಲ್ಲಿ ದುಃಖ ಹುಡುಕಿದರೂ ಸಿಗಲಿಲ್ಲ.

ತಾರಸಿ ತೋಟದವರದೊಂದು ವಾಟ್ಸಾಪ್ ಗುಂಪಿದೆ. ಫೋಟೋ ಹಾಕಿದೆ. ಕ್ಷಣದಲ್ಲಿ ಮದ್ದುಗಳ ಮಳೆ. ಅರಿಶಿನ ಹಾಕಿ. ಇಂಗಿನ ನೀರು ಚಿಮುಕಿಸಿ. ಹುಳಿ ಮಜ್ಜಿಗೆ ಹೊಯ್ಯಿರಿ, ತಾಮ್ರದ ಪಾತ್ರೆಯಲ್ಲಿಟ್ಟ ಮಜ್ಜಿಗೆಯಾದರೆ ಉತ್ತಮ. ಬೂದಿ ಹಾಕಿ, ಆದರೆ ಹೋಮದ್ದೇ ಆಗಬೇಕು. ಒಬ್ಬಾಕೆ ಗಿಡದೊಂದಿಗೆ ಪ್ರೀತಿಯಿಂದ ಮಾತಾಡಿ ಎಂದರು. ಇನ್ನೊಬ್ಬರು ಕೈ ಮುಗಿದ ಚಿತ್ರ ಕಳಿಸಿದರು, ಸತ್ತವರಿಗೆ ಕಳಿಸುವಂಥದ್ದು. ಅಷ್ಟರಲ್ಲಿ ಯಾರೋ ಶುಭೋದಯ ಹೇಳಿದ್ದರಿಂದ ನನ್ನ ಲೆಟ್ಯೂಸು ಮೇಲೆ ಹೋಯಿತು. ಹೂಕುಂಡದಲ್ಲಿ ಒಂದು ಲೆಟ್ಯೂಸನ್ನಾದರೂ ಬೆಳೆದವರು ಅವರಲ್ಲಿ ಎಷ್ಟು ಮಂದಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಏಕೆಂದರೆ ಹಿಂದಿನ ವಾರ ಯಾರದೋ ದಾಳಿಂಬೆಗೆ ನಾನೂ ಮದ್ದು ಹೇಳಿದ್ದೆ.

ಕೊನೆಗೆ ಶ್ರೀಪಾದಣ್ಣನಿಗೆ ಫೋನ್ ಮಾಡಿದೆ. ನಮ್ಮ ದೊಡ್ಡಮ್ಮನ ಮಗ. ಕೃಷಿ ಕಾಲೇಜಿನಲ್ಲಿ ಗಿಡಗಳ ರೋಗದ ಪಾಠ ಹೇಳಿ ನಿವೃತ್ತನಾದವನು. ಮದುವೆಮನೆಯಲ್ಲೂ ಮಂಟಪದ ಬಾಳೆಕಂದಿನ ಎಲೆ ಹಿಡಿದು "ಚುಕ್ಕೆ ರೋಗ" ಎನ್ನುವವನಾದ್ದರಿಂದ ನೆಂಟರು ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ.

"ಬ್ಯಾಕ್ಟೀರಿಯಾ ಕಣೇ, ಮೆತ್ತಗೆ ಕೊಳೆಯೋ ರೋಗ. ಮದ್ದಿಲ್ಲ" ಎಂದ.

"ಏನೂ ಇಲ್ವಾ? ಅರಿಶಿನ?"

"ಅರಿಶಿನ ಸಾರಿಗೆ ಹಾಕು. ಕೊಳೆತಿದ್ದನ್ನ ಬುಡಸಮೇತ ಕಿತ್ತು ಕವರಿಗೆ ಕಟ್ಟಿ ಬಿಸಾಕು. ಗೊಬ್ಬರದ ಡಬ್ಬಿಗೆ ಹಾಕ್ಬೇಡ. ಪಕ್ಕದ್ದನ್ನೂ ಕೀಳು, ಗಾಳಿ ಆಡ್ಲಿ. ನೀರು ಎಲ್ಲಿಗೆ ಹಾಕ್ತೀಯ?"

"ತಲೆಗೆ."

"ಬುಡಕ್ಕೆ ಹಾಕ್ಬೇಕು. ಅದೂ ಬೆಳಿಗ್ಗೆ. ಎಲೆ ಒದ್ದೆ ಇದ್ದಾಗ ಮುಟ್ಲೇಬೇಡ. ರೋಗದ್ದನ್ನ ಮುಟ್ಟಿದ ಕೈಯಲ್ಲಿ ಚೆನ್ನಾಗಿರೋದನ್ನ ಮುಟ್ಟಿದ್ರೆ ನೀನೇ ದಾಟಿಸ್ತೀಯ. ಮುಟ್ಟಿಲ್ಲ ತಾನೆ?"

ಮುಟ್ಟಿಲ್ಲವೆ? ಮುಂಜಾನೆಯಿಂದ ಆ ಲೋಳೆಯ ಬೆರಳಲ್ಲೇ ಮಿಕ್ಕವುಗಳ ಸುಳಿ ಬಿಡಿಸಿ ಬಿಡಿಸಿ "ನಿಂಗೇನೂ ಆಗಿಲ್ಲ ತಾನೆ ಚಿನ್ನ" ಎಂದು ವಿಚಾರಿಸಿ ಬಂದಿದ್ದೆ. ಒಂದು ಕಡೆ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವುದು ನಮ್ಮವರ ರಕ್ತದಲ್ಲೇ ಇದೆ.

ಅಣ್ಣ ಹೇಳಿದ್ದನ್ನು ಮಾಡಿದೆ, ಅರ್ಧ. ಕೊಳೆತದ್ದನ್ನು ಕಿತ್ತೆ, ಕತ್ತರಿಯನ್ನು ಸೋಪು ಹಾಕಿ ತೊಳೆದೆ, ಚೊಂಬನ್ನು ತುಳಸಿಗಷ್ಟೇ ಮೀಸಲಿಟ್ಟೆ. ಚೆನ್ನಾಗಿ ಕಾಣುವ ಪಕ್ಕದ್ದನ್ನು ಕೀಳು ಎಂದದ್ದನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಹಬ್ಬ ಹತ್ತಿರವಿತ್ತು. ದಿನ ಬೆಳಗಾದರೆ ಇನ್ನೊಂದು ಬ್ಯಾಗಿನ ಗಿಡ ಬಾಗುತ್ತಿತ್ತು. ಅದನ್ನು ಕಟ್ಟಿ ಕಸದವರಿಗೆ ಕೊಡುವಾಗ ವಿಮಲತ್ತಿಗೆಯ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು.

ಹಬ್ಬದ ಶುಕ್ರವಾರ ಬೆಳಿಗ್ಗೆ ಉಳಿದದ್ದನ್ನು ಕೊಯ್ದೆ. ಹೆಚ್ಚಿನವು ಮುಷ್ಟಿಯಷ್ಟಿದ್ದವು. ಒಂದು ಮಾತ್ರ ತಟ್ಟೆಯಗಲ ಅರಳಿತ್ತು, ಕಣ್ಣಿಗೆ ಹಬ್ಬ. ಅದರ ಬುಡದಲ್ಲಿ ನೀರುಗಟ್ಟಿದ ಹಾಗೆ ಒಂದು ಮಚ್ಚೆಯಿತ್ತು. ಚಾಕುವಿನಲ್ಲಿ ಕೆತ್ತಿ ತೆಗೆದೆ. ಮೂಸಿ ನೋಡಿದೆ. ವಾಸನೆ ಇಲ್ಲ ಎಂದುಕೊಂಡೆ. ಸಂಜೆಯೇ ತಿಂದರೆ ಏನೂ ಆಗುವುದಿಲ್ಲ ಎಂದೂ ಅಂದುಕೊಂಡೆ. ಇರುಳು ಕಂಡ ಬಾವಿಗೆ ಹಗಲು ಬೀಳುವವರು ಬಾವಿ ಕಾಣದೆ ಬೀಳುವುದಿಲ್ಲ, ಬಾವಿಯಲ್ಲಿ ನೀರು ಕಡಿಮೆ ಎಂದುಕೊಂಡು ಬೀಳುತ್ತಾರೆ. ಒಂದೊಂದನ್ನೂ ಬೇರೆಬೇರೆ ಬಾಳೆಲೆಯಲ್ಲಿ ಸುತ್ತಿದೆ. ಕಟ್ಟಲು ದಾರ ಸಿಗಲಿಲ್ಲ. ಮೊಮ್ಮಗಳ ಟೋಪಿ ಹೆಣೆದು ಉಳಿದ ನೀಲಿ ಉಲ್ಲನ್ನಿತ್ತು, ಅದರಲ್ಲೇ ಕಟ್ಟಿದೆ. ನೋಡಲು ಬಲು ಚೆಂದವಾಗಿತ್ತು.

ಸಂಜೆ ಅತ್ತಿಗೆ ರೇಷ್ಮೆ ಸೀರೆ ಉಟ್ಟು ಬಂದರು. ದೊಡ್ಡದನ್ನೇ ಅವರಿಗೆ ಕೊಟ್ಟೆ. ಸಣ್ಣದು ಕೊಟ್ಟರೆ ಅವರ ಬಾಯಿಂದ ಏನು ಬರುತ್ತಿತ್ತು ಎಂದು ನನಗೆ ಗೊತ್ತು.

"ಏನೇ ಇದು, ಕೋಸಾ?"

"ಲೆಟ್ಯೂಸ್ ಅತ್ತಿಗೆ. ನಾನೇ ಬೆಳ್ದಿದ್ದು. ಇವತ್ತೇ ತಿನ್ಬೇಕು, ಹಸಿಯಾಗಿ."

"ಹಸೀದಾ?" ಎಂದು ನನ್ನ ಮೂಗನ್ನೊಮ್ಮೆ, ಪೊಟ್ಟಣವನ್ನೊಮ್ಮೆ ನೋಡಿದರು. "ಆಗ್ಲಿ ಬಿಡು. ತಿರುಗಿ ಬರಲ್ಲ ಅಂದಿದ್ಯಲ್ಲ."

ಅವರ ಆಟೋ ತಿರುವು ದಾಟುವವರೆಗೆ ಗೇಟಿನಲ್ಲೇ ನಿಂತೆ. ಗೆದ್ದೆ ಅನ್ನಿಸಿತು. ರಾತ್ರಿ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದೆ.

ಭಾನುವಾರ ಸಂಜೆ ಪಕ್ಕದ ಮನೆಯ ಪದ್ಮಾ ಬಂದರು. ಕೈಯಲ್ಲಿ ತಾಂಬೂಲದ ಕವರು.

"ಸುಮಿತ್ರಾ, ನಮ್ಮಕ್ಕನ ಮನೆಗೆ ಜೆಪಿ ನಗರಕ್ಕೆ ಹೋಗಿದ್ನಲ್ಲ ರೀ, ಅರಿಶಿನ ಕುಂಕುಮಕ್ಕೆ. ಅವಳಿಗೆ ಭಜನೆ ಕ್ಲಾಸಲ್ಲಿ ಯಾರೋ ತ್ಯಾಗರಾಜನಗರದೋರು ಕೊಟ್ರಂತೆ ಇದನ್ನ. ಅವಳು ನಂಗೆ ದಾಟಿಸಿದ್ಲು. ನಮ್ಮನೇಲಿ ಹಸೀ ಸೊಪ್ಪು ಯಾರ್ರೀ ತಿಂತಾರೆ? ಇಂಥಾದ್ದೆಲ್ಲ ನಿಮಗೇ ಇಷ್ಟ, ಇಟ್ಕೊಳ್ಳಿ."

ಬಾಳೆಲೆ ಬಾಡಿ ಕಪ್ಪಾಗಿತ್ತು. ನೀಲಿ ಉಲ್ಲನ್ನು ಹಾಗೇ ಇತ್ತು, ನಾನು ಹಾಕಿದ ಗಂಟೇ. ಯಾರೂ ಬಿಚ್ಚಿಯೂ ನೋಡಿರಲಿಲ್ಲ. ದಾರಿಯಲ್ಲಿ ಯಾರೋ ಎರಡು ಅಡಿಕೆ ಸೇರಿಸಿದ್ದರು, ಅಷ್ಟೇ ಲಾಭ.

ಪದ್ಮಾ ಮೂಗು ಅರಳಿಸಿದರು. "ಏನ್ರೀ ಇದು ವಾಸನೆ? ಇಲಿ ಗಿಲಿ ಸತ್ತಿದ್ಯಾ ನಿಮ್ಮನೇಲಿ?"

"ಹೂಂ ರೀ, ತಾರಸೀಲಿ. ಹುಡುಕ್ತಾ ಇದೀವಿ" ಎಂದೆ.

ಅವರು ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಬಿಚ್ಚಿದೆ. ಬುಡದಿಂದ ಸುಳಿಯವರೆಗೆ ಬರೀ ಲೋಳೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದೆ.

"ಸುಮಿತ್ರಾ, ನಾನು ಕಣೇ ವಿಮಲಾ. ನೀನ್ ಕೊಟ್ಟ ಸೊಪ್ಪು ಏನ್ ಚೆನ್ನಾಗಿತ್ತೇ! ಅವತ್ತೇ ರಾತ್ರಿ ಎಲ್ರೂ ಕೂತ್ಕೊಂಡು ತಿಂದ್ವಿ. ನಿಮ್ಮ ಭಾವನವರಂತೂ ಇನ್ನೂ ಇದ್ಯಾ ಅಂತ ಕೇಳಿದ್ರು."

ಬಲಗೈಯಿಂದ ಲೋಳೆ ಮೊಣಕೈಯವರೆಗೆ ಇಳಿಯುತ್ತಿತ್ತು. ಅವರ ಸುಳ್ಳು ನನ್ನ ಕೈಯಲ್ಲೇ ಇದೆ, ನಾರುತ್ತಿದೆ, ಆದರೆ ಎತ್ತಿ ತೋರಿಸುವ ಹಾಗಿಲ್ಲ. "ಅದು ನನ್ನ ಹತ್ರಾನೇ ಇದೆ ಅತ್ತಿಗೆ" ಎಂದರೆ ಸೋತವಳು ನಾನು. ತಿರುಗಿ ಬರುವುದಿಲ್ಲ ಎಂದದ್ದು ತಿರುಗಿ ಬಂತು, ಅದೂ ಕೊಳೆತು ಬಂತು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಜೀವನದಲ್ಲಿ ಮೊದಲ ಸಲ ಅತ್ತಿಗೆಗೆ ಎದುರುತ್ತರ ಹೊಳೆದೂ ಸುಮ್ಮನಿದ್ದೆ. ನಗುವೂ ಬಂತು, ತಡೆದುಕೊಂಡೆ.

"ಸಂತೋಷ ಅತ್ತಿಗೆ" ಎಂದೆ.

ಆ ವಾರ ಎಲ್ಲ ಬ್ಯಾಗುಗಳನ್ನೂ ಖಾಲಿ ಮಾಡಿ ಮಣ್ಣನ್ನು ಬಿಸಿಲಿಗೆ ಹರವಿದೆ. ಇನ್ನೊಂದಷ್ಟು ದಿನ ಆ ಮಣ್ಣಿಗೆ ಲೆಟ್ಯೂಸಿನ ಸಹವಾಸ ಬೇಡ ಎಂದು ಶ್ರೀಪಾದಣ್ಣ ಹೇಳಿದ. ನನಗೂ ಬೇಕಿರಲಿಲ್ಲ.

ಹೀಗೆ ಗೌರಿ ಹಬ್ಬ ಬಂತು, ಬೀರು ತೆಗೆದೆ, ಗಿಳಿಹಸಿರು ತಲೆಯ ಮೇಲೆ ಬಿತ್ತು. ಈ ಸಲ ಇಸ್ತ್ರಿ ಮಾಡಲಿಲ್ಲ. ಸುಟ್ಟ ಮೂಲೆ ಮೇಲಕ್ಕೆ ಬರುವ ಹಾಗೆ ಮಡಿಸಿದೆ. ಡಬ್ಬಿಯಲ್ಲಿ ನೀಲಿ ಉಲ್ಲನ್ನು ಇನ್ನೂ ಒಂದು ಮೊಳ ಉಳಿದಿತ್ತು, ಅದರಲ್ಲೇ ಅಡ್ಡಕ್ಕೊಂದು ಉದ್ದಕ್ಕೊಂದು ಸುತ್ತಿ ಗಂಟು ಹಾಕಿದೆ.

ಸಂಜೆ ಅತ್ತಿಗೆ ಬಂದರು. ಕುಂಕುಮ ಇಟ್ಟುಕೊಂಡರು. ತಾಂಬೂಲ ಕೊಟ್ಟೆ. ಸುಟ್ಟ ಗುರುತನ್ನು ನೋಡಿದರು. ನೀಲಿ ಉಲ್ಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಮೂಗನ್ನಲ್ಲ, ಕಣ್ಣನ್ನೇ.

"ಯಾಕೆ ಸುಮಿತ್ರಾ, ಈ ಸಲ ಸೊಪ್ಪಿಲ್ವಾ?"

"ಕೊಳೆ ರೋಗ ಬಂತು ಅತ್ತಿಗೆ. ಎಲ್ಲಾ ಹೋಯ್ತು."

"ಅಯ್ಯೋ ಪಾಪ. ಯಾವಾಗ?"

"ನೀವು ತಿಂದ ಮೇಲೆ."